ಎಲ್ಡರ್‌ಕೋಟ್ ಹಾಲ್‌ನ ಗಿಳಿ ಹಲಗೆ

2007ರ ಅಕ್ಟೋಬರ್ 26, ಶುಕ್ರವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ ಸ್ಯಾನ್ ಡಿಯೇಗೊ ನಗರ ಪೊಲೀಸರ ಈಶಾನ್ಯ ವಿಭಾಗದ ಠಾಣೆಗೆ ಒಂದು ದೂರು ಬಂತು. ಅಂದಿನ ಮಟ್ಟಿಗೆ ಅದು ಹದಿನೇಳನೆಯದು. ಸೋಮವಾರ ಬೆಟ್ಟದಿಂದ ಇಳಿದ ಕಾಡ್ಗಿಚ್ಚು ರಾಂಚೊ ಬರ್ನಾರ್ಡೊದ ಬೀದಿಗಳನ್ನು ನೆಕ್ಕಿ ಹೋಗಿತ್ತು. ಉಟ್ಟ ಬಟ್ಟೆಯಲ್ಲಿ ಓಡಿಹೋಗಿದ್ದ ಜನ ಗುರುವಾರ ತಿರುಗಿ ಬಂದಿದ್ದರು. ಕೆಲವರಿಗೆ ಮನೆಯೇ ಇರಲಿಲ್ಲ. ಮನೆ ಉಳಿದವರಲ್ಲಿ ಕೆಲವರಿಗೆ ಮನೆಯೊಳಗಿನ ಸಾಮಾನು ಇರಲಿಲ್ಲ. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಯಾವ ದೇಶದಲ್ಲಾದರೂ ಇದ್ದೇ ಇರುತ್ತಾರೆ.

ಹದಿನೇಳನೆಯ ದೂರನ್ನು ಡಿಟೆಕ್ಟಿವ್ ಹರಿಣಿಗೆ ಕೊಟ್ಟರು. ಹರಿಣಿ ಬೆಂಗಳೂರಿನ ಹನುಮಂತನಗರದಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿಗೆ ಅಪ್ಪನ ಟೆಲಿಕಾಂ ಕೆಲಸದ ಬೆನ್ನು ಹತ್ತಿ ಈ ಊರಿಗೆ ಬಂದವಳು. ಈಗ ಮೂವತ್ತಮೂರು. ಮಗಳು ಎಂಜಿನಿಯರ್ ಆಗಲಿಲ್ಲವಲ್ಲ ಎಂಬ ಕೊರಗು ಅಪ್ಪನಿಗೆ ಇನ್ನೂ ಇತ್ತು; ಆದರೂ ಪ್ರತಿ ಭಾನುವಾರ ಫೋನ್ ಮಾಡಿ, "ಏನಮ್ಮಾ, ಪಂಚನಾಮೆ ಎಲ್ಲ ಮುಗೀತಾ?" ಎಂದು ಕೇಳುವುದನ್ನು ಬಿಟ್ಟಿರಲಿಲ್ಲ. ಇಲ್ಲಿ ಪಂಚರೂ ಇಲ್ಲ, ಪಂಚನಾಮೆಯೂ ಇಲ್ಲ, ಸ್ಥಳ ವರದಿ ಅಷ್ಟೇ ಎಂದು ಅವಳು ಹೇಳಿ ಹೇಳಿ ಸೋತಿದ್ದಳು.

ದೂರುದಾರ ಉದಯಶಂಕರ, ಟೆಲಿಕಾಂ ಕಂಪನಿಯ ಉಪಾಧ್ಯಕ್ಷ. ಕಳುವಾದದ್ದು ಬೀಟೆಮರಕ್ಕೆ ದಂತ ಕೂರಿಸಿದ ಒಂದು ಬಾಗಿಲ ಹಲಗೆ.

ಹನ್ನೊಂದು ಮೂವತ್ತೈದಕ್ಕೆ ಹರಿಣಿ, ಆಫೀಸರ್ ಡೆಲ್ಗಾಡೊ ಜೊತೆಗೆ, ಆ ಮನೆಯ ಮುಂದೆ ಕಾರು ನಿಲ್ಲಿಸಿದಳು. ಸುತ್ತಲಿನ ಗುಡ್ಡ ಸುಟ್ಟು ಕರಕಾಗಿತ್ತು. ನಡುವೆ ಕೆಂಪು ಇಟ್ಟಿಗೆಯ ಎರಡಂತಸ್ತಿನ ಇಂಗ್ಲಿಷ್ ಬಂಗಲೆ ನಿಂತಿತ್ತು. ಚೂಪು ಛಾವಣಿ, ಉದ್ದನೆಯ ಹೊಗೆಗೂಡುಗಳು, ಕಲ್ಲಿನ ಪಟ್ಟಿಗಳ ನಡುವೆ ಸಣ್ಣ ಸಣ್ಣ ಗಾಜು ಜೋಡಿಸಿದ ಕಿಟಕಿಗಳು. ಈ ಬಿಸಿಲಿನ ಊರಿನಲ್ಲಿ ಅದು ಮದುವೆ ಮನೆಗೆ ಕರಿ ಕೋಟು ತೊಟ್ಟು ಬಂದವರ ಹಾಗೆ ಕಾಣುತ್ತಿತ್ತು.

"ನೀವು ಕನ್ನಡದವರಾ?" ಹರಿಣಿಯ ಎದೆಯ ಮೇಲಿನ ಹೆಸರಿನ ಫಲಕ ನೋಡಿ ಉದಯಶಂಕರ ಕೇಳಿದ.

"ಹೌದು. ಹಲಗೆ ಹೋಗಿದ್ದು ಯಾವಾಗ ಗೊತ್ತಾಯ್ತು?"

"ನಿನ್ನೆ ಸಾಯಂಕಾಲ. ಇನ್ಶೂರೆನ್ಸ್‌ನವರು ಎಷ್ಟು ಮಸಿ ಕೂತಿದೆ ಅಂತ ಚೆಕ್ ಮಾಡೋಕೆ ಬಂದ್ರು. ಬಾಗಿಲ ಮೇಲೆ ಹೊದಿಸಿದ್ದ ಬಟ್ಟೆ ಎತ್ತಿದ್ರೆ ಬಲಗಡೆ ಹಲಗೆ ಇಲ್ಲ."

"ಬಟ್ಟೆ ಯಾಕೆ ಹೊದಿಸಿದ್ರಿ?"

"ರೆಸ್ಟೋರ್ ಮಾಡಿಸ್ತಾ ಇದ್ವಿ. ವ್ಯಾಕ್ಸ್ ಒಣಗಬೇಕು, ಎರಡು ವಾರ ಮುಟ್ಟಬೇಡಿ ಅಂದಿದ್ರು."

"ಯಾರು?"

"ಬಾಬಾಜಾನ್ ಅಂಕಲ್. ಲಾಸ್ ಏಂಜಲೀಸ್ ಹತ್ರ ಟೊರೆನ್ಸ್‌ನಲ್ಲಿರ್ತಾರೆ. ಮೈಸೂರಿನವರು. ಅವರಂಥ ಕೈ ಈ ಕೋಸ್ಟ್‌ನಲ್ಲೇ ಇಲ್ಲ."

ಮನೆಯ ಪೂರ್ವದ ಮೂಲೆಯಲ್ಲಿದ್ದ ಆ ಕೋಣೆಗೆ ಮೈಸೂರು ಕೋಣೆ ಎಂದೇ ಹೆಸರು. ಬಾಗಿಲಿಗೆ ಎರಡು ಹಲಗೆ. ಎಡಗಡೆಯದರಲ್ಲಿ ನವಿಲು, ಬಳ್ಳಿ, ಮಾವಿನ ಮಿಡಿ. ಕಪ್ಪು ಮರದೊಳಗೆ ದಂತ ಹಾಲಿನ ಹಾಗೆ ಹರಿದಿತ್ತು. ಬಲಗಡೆ ಗಿಳಿ ಇರಬೇಕಾದ ಜಾಗದಲ್ಲಿ ಒಂದು ಸಾದಾ ತೇಗದ ಹಲಗೆ. ಅಂಚು ಕೂದಲೆಳೆಯಷ್ಟೂ ಬಿಡದೆ ಕೂತಿತ್ತು. ನಾಲ್ಕು ಹಿತ್ತಾಳೆ ತಿರುಪು, ನಾಲ್ಕರ ಗೀರೂ ನೆಟ್ಟಗೆ ಒಂದೇ ದಿಕ್ಕಿಗೆ. ಮೇಲೆ ಮೇಣದ ಹೊಳಪು.

ಡೆಲ್ಗಾಡೊ ತಲೆ ಕೆರೆದುಕೊಂಡ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಡೆದ ಕಿಟಕಿ ನೋಡಿದ್ದೇನೆ, ಮುರಿದ ಬೀಗ ನೋಡಿದ್ದೇನೆ, ರಿಪೇರಿ ಮಾಡಿ ಹೋದ ಕಳ್ಳನನ್ನು ಮಾತ್ರ ನೋಡಿಲ್ಲ ಎಂದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಹರಿಣಿಯ ಅಜ್ಜಿ ಹೇಳುತ್ತಿದ್ದುದುಂಟು. ಇಲ್ಲಿ ಕೊಳ್ಳೆ ಹೊಡೆದವನೇ ಬಾಗಿಲು ಹಾಕಿಕೊಟ್ಟು ಹೋಗಿದ್ದ.

ಅವಳು ಟಾರ್ಚ್ ಹಿಡಿದು ತಿರುಪುಗಳನ್ನು ನೋಡಿದಳು. ಗೀರುಗಳ ತುಂಬ ನುಣ್ಣನೆಯ ಬೂದಿ. ಬೆಂಕಿಯ ಹೊತ್ತಿನಲ್ಲಿ ಕಿಟಕಿಯ ಸಂದಿಯಿಂದ ನುಗ್ಗಿದ ಬೂದಿ ಬಟ್ಟೆಯ ಅಂಚಿನಿಂದ ಒಳಗೂ ಸೇರಿ, ನವಿಲಿನ ಮೇಲೆ ಎಷ್ಟು ಕೂತಿತ್ತೋ ತೇಗದ ಹಲಗೆಯ ಮೇಲೂ ಅಷ್ಟೇ ಕೂತಿತ್ತು. ಎಂದರೆ ಸೋಮವಾರಕ್ಕಿಂತ ಮೊದಲೇ ಈ ಹಲಗೆ ಇಲ್ಲಿತ್ತು. ಬೆಂಕಿಯ ಕಳ್ಳರು ಇವರಲ್ಲ. ಹನ್ನೆರಡು ಹತ್ತಕ್ಕೆ ಅದನ್ನು ಅವಳು ವರದಿಯಲ್ಲಿ ಬರೆದಳು.

ತಿರುಪು ಬಿಚ್ಚಿ ಹಲಗೆ ತೆಗೆದಾಗ ಹಿಂದಿನ ಪೊಳ್ಳಿನಿಂದ ಒಂದು ಹಿಡಿ ಒಣ ಎಲೆ ಉದುರಿತು. ಡೆಲ್ಗಾಡೊ ಕಸವೆಂದು ಬದಿಗೆ ಸರಿಸಲು ಹೋದ. ಹರಿಣಿ ಒಂದೆಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದಳು. ಬೇವು. ಹುಳ ಹಿಡಿಯದಿರಲಿ ಎಂದು ಅಜ್ಜಿ ಅಕ್ಕಿ ಡಬ್ಬಿಯಲ್ಲಿ, ಸೀರೆ ಪೆಟ್ಟಿಗೆಯಲ್ಲಿ ಹಾಕಿಡುತ್ತಿದ್ದ ಬೇವಿನ ಎಲೆ. ಹಲಗೆ ಒಯ್ದವನಿಗೆ ಹಳೆಯ ಬಾಗಿಲಿಗೆ ಗೆದ್ದಲು ಹತ್ತೀತು ಎಂಬ ಚಿಂತೆ ಇತ್ತು. ಕದ್ದ ಮನೆಯ ಮೇಲೆ ಇಷ್ಟು ಅಕ್ಕರೆ ಇಟ್ಟವನ ಮೇಲೆ ಅವಳಿಗೆ ಆಗಲೇ ಸಿಟ್ಟು ಬರಲಿಲ್ಲ, ಮರುಕ ಬಂತು. ತನಿಖಾಧಿಕಾರಿಗೆ ಅದು ಒಳ್ಳೆಯ ಲಕ್ಷಣವಲ್ಲ.

ಉದಯಶಂಕರ ಒಂದು ದಪ್ಪ ಫೈಲು ತಂದು ಮೇಜಿನ ಮೇಲಿಟ್ಟ. ಮನೆಗೆ ಪಾರಂಪರಿಕ ಕಟ್ಟಡದ ಮಾನ್ಯತೆ ಬೇಕೆಂದು ಅಪ್ಲೈ ಮಾಡಿದ್ದ, ಮಾರ್ಚ್‌ನಲ್ಲಿ ವಿಚಾರಣೆ. ಅದಕ್ಕಾಗಿ ಎರಡು ವರ್ಷ ಕೂತು ಮನೆಯ ಇತಿಹಾಸ ಬರೆಸಿದ್ದ. ಹರಿಣಿ ಓದತೊಡಗಿದಳು. ಎಲ್ಡರ್‌ಕೋಟ್ ಹಾಲ್ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ 1611ರಲ್ಲಿ ಕಟ್ಟಿದ ಬಂಗಲೆ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಇ ಅಕ್ಷರದ ಆಕಾರ: ಒಂದು ಉದ್ದ ಹಜಾರ, ಎರಡು ತುದಿಗೆ ಎರಡು ರೆಕ್ಕೆ, ನಡುವೆ ತಲೆಬಾಗಿಲ ಗೋಪುರ. ಹಾರ್‌ಗ್ರೀವ್ ಮನೆತನದ ಎಂಟು ತಲೆಮಾರು ಅಲ್ಲಿ ಬಾಳಿತು. ಒಬ್ಬ ಓಕ್ ಮರದ ಮೆಟ್ಟಿಲು ಹಾಕಿಸಿದ, ಇನ್ನೊಬ್ಬ ಗೋಡೆಗಳಿಗೆ ಸುಣ್ಣದ ಹೂಬಳ್ಳಿ ಹಚ್ಚಿಸಿದ, ಮೂರನೆಯವನು ಜೂಜಿನಲ್ಲಿ ಪಶ್ಚಿಮದ ರೆಕ್ಕೆ ಕಳೆದ. ಕೊನೆಯವನು ಮೇಜರ್ ಹಾರ್‌ಗ್ರೀವ್, ಮೈಸೂರಿನಲ್ಲಿ ನೌಕರಿ ಮಾಡಿ 1922ರಲ್ಲಿ ಊರಿಗೆ ಮರಳಿ ಪೂರ್ವದಲ್ಲಿ ಮೈಸೂರು ಕೋಣೆ ಕಟ್ಟಿಸಿದವನು. ಅವನು ಸತ್ತ ಮೇಲೆ ವಾರಸುದಾರರು ತೆರಿಗೆ ಕಟ್ಟಲಾರದೆ ಬಂಗಲೆಯನ್ನು ಕೆಡವಲು ಕೊಟ್ಟರು. ಲಾಸ್ ಏಂಜಲೀಸಿನ ಎಣ್ಣೆ ಬಾವಿಯ ಧಣಿ ವೆಂಡೆಲ್ ಕ್ರಾಸ್ ಎಂಬವನು ಮೆಟ್ಟಿಲು, ಹಜಾರ, ಮೈಸೂರು ಕೋಣೆಗಳನ್ನು ಬಿಚ್ಚಿಸಿ, ಇನ್ನೂರ ಹನ್ನೆರಡು ಪೆಟ್ಟಿಗೆಗಳಲ್ಲಿ ಹಡಗಿಗೇರಿಸಿ, 1932ರಲ್ಲಿ ಈ ಗುಡ್ಡದ ಮೇಲೆ ಮತ್ತೆ ಜೋಡಿಸಿದ. ಅವನಿಂದ ಮಗಳಿಗೆ, ಮಗಳಿಂದ ಒಂದು ಟ್ರಸ್ಟಿಗೆ, ಟ್ರಸ್ಟಿನಿಂದ 2004ರಲ್ಲಿ ಉದಯಶಂಕರನಿಗೆ.

ಹಡಗಿನ ಹೆಸರಿತ್ತು, ದಲ್ಲಾಳಿಯ ಹೆಸರಿತ್ತು, ಪೆಟ್ಟಿಗೆಗಳಿಗೆ ಹಾಕಿದ ನಂಬರಿತ್ತು. ಎಪ್ಪತ್ತೊಂದನೆಯ ಪುಟದಲ್ಲಿ ದಂತದ ಬಾಗಿಲ ಕೆಳಗೆ ಒಂದೇ ಸಾಲು: ಮೈಸೂರಿನಲ್ಲಿ ತಯಾರಾದದ್ದು, 1921, ಕುಶಲಕರ್ಮಿ ಅಜ್ಞಾತ.

"ಯಾರು ಮಾಡಿದ್ದು ಅಂತ ಗೊತ್ತೇ ಇಲ್ವಾ?"

ಉದಯಶಂಕರ ಫೈಲಿನ ಪುಟ ತಿರುವಿದ. ಕಾಫಿ ತಂದಿದ್ದ ಅವನ ಹೆಂಡತಿ ರೇಖಾ ಲೋಟ ಕೆಳಗಿಟ್ಟು ಹೇಳಿದಳು: "ಹೇಳಿ ರೀ. ಗೊತ್ತಾಗೇ ಆಗುತ್ತೆ."

"ಅಂಕಲ್ ಜುಲೈನಲ್ಲಿ ಒಂದು ವಿಷಯ ಹೇಳಿದ್ರು. ಆ ಹಲಗೆ ಅವರ ತಾತ ಮಾಡಿದ್ದಂತೆ. ಅಬ್ದುಲ್ ಗಫೂರ್ ಅಂತ. ಕನ್ಸಲ್ಟೆಂಟ್‌ನ ಕೇಳಿದೆ, ವೆರಿಫೈ ಆಗದೆ ಇರೋದನ್ನ ಹಾಕಬೇಡಿ ಅಂದ್ರು."

"ಅಷ್ಟೇನಾ?"

"ಅಷ್ಟೇ ಅಲ್ಲ," ಎಂದಳು ರೇಖಾ. "ಹಲಗೆ ಬಿಚ್ಚಿದಾಗ ಹಿಂದುಗಡೆ ತೋರಿಸಿದ್ರು. ಅವರ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತಂತೆ. ಕೆಲಸ ಒಪ್ಪಿಸೋವಾಗ ತಗೊಂಡವರ ಕೈಲಿ ಹಲಗೆ ಹಿಂದೇನೇ ಸಹಿ ಹಾಕಿಸಿ, ಆಮೇಲೆ ಚೌಕಟ್ಟಿಗೆ ಕೂರಿಸೋದು. ಆ ಮೇಜರ್ ಸಹಿ ಇತ್ತು, ತಾರೀಖು ಇತ್ತು. ಎರಡೂ ಹಲಗೆ ತಲುಪಿದೆ ಅಂತ ಬರೆದಿತ್ತು. ನಾನೇ ನೋಡಿದೀನಿ. ಅಂಕಲ್ ಅವತ್ತು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ರು."

ಅಳುವಂಥದ್ದೇನು ಎಂದು ಹರಿಣಿ ಕೇಳಿದಳು. ರೇಖಾ ಹೇಳಿದ್ದು ಇಷ್ಟು. ದಂತ ಸರ್ಕಾರದ್ದು. ಮೇಜರ್ ಅದನ್ನು ಗಫೂರ್ ಸಾಬರ ಕೈಗೆ ಕೊಟ್ಟು ಎರಡು ಹಲಗೆ ಮಾಡಿಸಿದ; ನವಿಲನ್ನು ಲೆಕ್ಕದಲ್ಲಿ ತೋರಿಸಿ, ಗಿಳಿಯನ್ನು ಗುಟ್ಟಾಗಿ ಹಡಗಿಗೆ ಹಾಕಿದ. ತಪಾಸಣೆಯಲ್ಲಿ ದಂತ ಕಡಿಮೆ ಬಂದಾಗ, ಎರಡನೆಯದನ್ನು ಈ ಸಾಬಿ ಒಪ್ಪಿಸಲೇ ಇಲ್ಲ ಎಂದುಬಿಟ್ಟ. ಗಫೂರ್ ಸಾಬರಿಗೆ ಎರಡು ವರ್ಷ ಜೈಲು. ಸಹಿ ಹಲಗೆಯ ಬೆನ್ನಲ್ಲಿ ಸಮುದ್ರ ದಾಟಿತ್ತು; ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಹೊರಗೆ ಬಂದ ವರ್ಷವೇ ತೀರಿಕೊಂಡರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಆ ಮನೆಗೆ ದಂತಕಳ್ಳರ ಮನೆ ಎಂಬ ಹೆಸರು ಉಳಿಯಿತು.

"ಅವರ ಮಗಳು ಇನ್ನೂ ಇದಾರೆ," ಎಂದಳು ರೇಖಾ. "ಅಂಕಲ್‌ಗೆ ಸೋದರತ್ತೆ. ಜೈತುನ್‌ಬಿ ಅಂತ. ತೊಂಬತ್ತೆರಡು ವರ್ಷ. ಅಪ್ಪನ್ನ ಹಿಡ್ಕೊಂಡು ಹೋದಾಗ ಏಳು ವರ್ಷದ ಹುಡುಗಿ. ಆ ಹೆಸರಿನ ದೆಸೆಯಿಂದ ಮದುವೇನೂ ಆಗಲಿಲ್ಲ. ಒಂದು ಸಲ ಆ ಹಲಗೆ ಅವರ ಕೈಗೆ ಕೊಟ್ಟು ತರ್ತೀನಿ, ಹದಿನೈದು ದಿನ ಕೊಡಿ ಅಂತ ಅಂಕಲ್ ಕೇಳಿದ್ರು."

"ಫೋಟೋ ಕಳಿಸಬಹುದಿತ್ತಲ್ಲ?"

"ಅವರಿಗೆ ಕಣ್ಣು ಕಾಣಲ್ಲ, ಹರಿಣಿ."

"ನೀವೇನಂದ್ರಿ?" ಹರಿಣಿ ಉದಯಶಂಕರನ ಕಡೆ ತಿರುಗಿದಳು.

"ಅಪ್ಲಿಕೇಶನ್ ನಡೀತಿರೋವಾಗ ಒಂದು ಮೊಳೆ ಕೂಡ ಆಚೆ ಹೋಗೋ ಹಾಗಿಲ್ಲ. ದಂತ ಬೇರೆ, ಕಸ್ಟಮ್ಸ್‌ನಲ್ಲಿ ಹಿಡಿದ್ರೆ ವಾಪಸ್ ಬರಲ್ಲ. ಮಾರ್ಚ್ ಆದ್ಮೇಲೆ ನೋಡೋಣ ಅಂಕಲ್ ಅಂದೆ. ತಪ್ಪೇನಿದೆ ಹೇಳಿ."

ತಪ್ಪೇನೂ ಇರಲಿಲ್ಲ. ತೊಂಬತ್ತೆರಡರ ಮುದುಕಿಗೆ ಮಾರ್ಚ್ ಎಂಬುದು ಎಷ್ಟು ದೂರ ಎಂದು ಯಾರೂ ಯೋಚಿಸಿರಲಿಲ್ಲ, ಅಷ್ಟೇ.

"ಕೊನೇ ಸಲ ಅವರು ಬಂದಿದ್ದು ಯಾವಾಗ?"

"ಹೋದ ಶನಿವಾರ, ಇಪ್ಪತ್ತನೇ ತಾರೀಖು," ಎಂದಳು ರೇಖಾ. "ಆಯುಧಪೂಜೆ. ನಾನೇ ಅವರ ಉಳಿಗಳಿಗೂ ಕುಂಕುಮ ಇಟ್ಟು ಹೂ ಹಾಕ್ದೆ. ಇಡಮ್ಮಾ, ಮೈಸೂರಲ್ಲಿ ನಮ್ಮ ಕಾರ್ಖಾನೇಲೂ ಇಡ್ತಿದ್ರು ಅಂದ್ರು. ಮಧ್ಯಾಹ್ನ ನಾವು ಸಂಘದ ದಸರಾ ಪ್ರೋಗ್ರಾಂಗೆ ಹೋದ್ವಿ. ಬೀಗದ ಕೈ ಅವರ ಹತ್ರಾನೇ ಇತ್ತು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಂಪ್ಲೇಂಟ್ ಕೊಡುವುದು ಬೇಡ ಎಂದು ಗಂಡನಿಗೆ ಬೆಳಿಗ್ಗೆಯೇ ಹೇಳಿದ್ದಳಂತೆ. ಇನ್ಶೂರೆನ್ಸಿನವರು ಕಣ್ಣಾರೆ ನೋಡಿದ್ದರಿಂದ ಕೊಡದೆ ವಿಧಿಯಿರಲಿಲ್ಲ.

ಮರುದಿನ, ಶನಿವಾರ, ಹರಿಣಿ ಟೊರೆನ್ಸ್‌ಗೆ ಡ್ರೈವ್ ಮಾಡಿದಳು. ದಾರಿಯುದ್ದಕ್ಕೂ ಆಕಾಶ ಕಂದು ಬಣ್ಣಕ್ಕಿತ್ತು. ಹನ್ನೊಂದು ಹದಿನೈದಕ್ಕೆ ಒಂದು ಸಣ್ಣ ಮನೆಯ ಗಂಟೆ ಒತ್ತಿದಳು. ಬಾಗಿಲು ತೆರೆದವಳು ಮಗಳು ಸಿದ್ರಾ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಹರಿಣಿಯ ಬಿಲ್ಲೆ ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು. ಡ್ಯಾಡಿ ಹಿಂದೆ ಶೆಡ್‌ನಲ್ಲಿದ್ದಾರೆ ಎಂದಳು.

ಹಿತ್ತಲಲ್ಲಿ ಆಳೆತ್ತರದ ಬೇವಿನ ಗಿಡವಿತ್ತು. ಶೆಡ್‌ನೊಳಗೆ ಬಾಬಾಜಾನ್ ಒಂದು ಕುರ್ಚಿಯ ಕಾಲಿಗೆ ಅರ ಹಾಕುತ್ತಿದ್ದರು. ಅರವತ್ತೇಳು ವರ್ಷ, ತೆಳುವಾದ ಬಿಳಿ ಗಡ್ಡ, ಉಗುರುಗಳಲ್ಲಿ ಅರಗಿನ ಕಂದು. ವಿಮಾನ ತಯಾರಿಸುವ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಮರದ ಮಾದರಿಗಳನ್ನು ಮಾಡಿದವರು. ಆ ಕೆಲಸ ಕಂಪ್ಯೂಟರಿಗೆ ಹೋದ ಮೇಲೆ ಹಳೆಯ ಪೀಠೋಪಕರಣ ರಿಪೇರಿಗೆ ಇಳಿದವರು. ಹೆಂಡತಿ ರಾಬಿಯಾ ತೀರಿಕೊಂಡು ವರ್ಷವಾಗಿತ್ತು.

"ಬನ್ನಿ ಅಮ್ಮಾ, ಕೂತ್ಕೊಳಿ. ಕನ್ನಡದವರು ಬರ್ತಾರೆ ಅಂದ್ಕೊಂಡಿರಲಿಲ್ಲ."

"ಪೊಲೀಸ್ ಬರ್ತಾರೆ ಅಂದ್ಕೊಂಡಿದ್ರಾ, ಅಂಕಲ್?"

ಅವರು ಅರವನ್ನು ಕೆಳಗಿಟ್ಟರು.

"ಗಿಳಿ ಹಲಗೆ ಎಲ್ಲಿದೆ?"

"ಅದಕ್ಕೆ ಉತ್ತರ ಹೇಳಲ್ಲಮ್ಮ. ಸುಳ್ಳು ಹೇಳೋಕೆ ಬರಲ್ಲ, ಅದಕ್ಕೆ ಸುಮ್ನಿರ್ತೀನಿ."

"ಇಪ್ಪತ್ತನೇ ತಾರೀಖು ಮಧ್ಯಾಹ್ನ ಆ ಮನೇಲಿ ಒಬ್ಬರೇ ಇದ್ರಿ?"

"ಇದ್ದೆ."

"ತೇಗದ ಹಲಗೆ ಹಾಕಿದ್ದು ನೀವು?"

"ತೆರೆದ ಬಾಗಿಲು ಬಿಟ್ಟು ಬರೋಕಾಗುತ್ತಾ? ಹುಳ ಹೋಗುತ್ತೆ." ಹೇಳಿದ ಮೇಲೆ ಅವರಿಗೇ ಗೊತ್ತಾಯಿತು, ಹೇಳಬಾರದ್ದನ್ನು ಹೇಳಿಬಿಟ್ಟೆ ಎಂದು. ಬಾಗಿಲಲ್ಲಿ ನಿಂತಿದ್ದ ಸಿದ್ರಾ, ಲಾಯರ್ ಇಲ್ಲದೆ ಮಾತಾಡಬೇಡಿ ಡ್ಯಾಡಿ ಎಂದು ಇಂಗ್ಲಿಷಿನಲ್ಲಿ ಗೋಗರೆದಳು.

ಶೆಲ್ಫಿನ ಮೇಲೆ ಹಳೆ ಪಂಚೆಯಲ್ಲಿ ಸುತ್ತಿದ್ದ ಒಂದು ಹಲಗೆ ಕಂಡು ಹರಿಣಿ ಎದ್ದಳು. ಅವರು ತಾವೇ ಬಿಚ್ಚಿ ತೋರಿಸಿದರು. ಕಪ್ಪು ಮರ, ಬಳ್ಳಿ, ಕೊಂಬೆಯ ಮೇಲೆ ಗಿಳಿ. ಹಿಂಬದಿಯಲ್ಲಿ ಸಹಿ ಇರಲಿಲ್ಲ.

"ಇದು ನಕಲು ಅಮ್ಮಾ. ಮೂಳೆ ಹಾಕಿ ಆಗಸ್ಟ್‌ನಲ್ಲಿ ಮಾಡ್ದೆ. ನಮ್ಮ ಪರಿಚಯದ ಹುಡುಗ ಒವೈಸ್ ಊರಿಗೆ ಹೋಗ್ತಿದ್ದ, ಅವನ ಕೈಲಿ ಕಳಿಸ್ದೆ, ಅವನ ಕೈಲೇ ವಾಪಸ್ ಬಂತು. ಫುಪ್ಪಿ, ಅಂದ್ರೆ ನಮ್ಮ ಸೋದರತ್ತೆ, ಚಿಕ್ಕವಳಿದ್ದಾಗ ತಾತನಿಗೆ ದಂತದ ಚೂರು ಎತ್ತಿ ಎತ್ತಿ ಕೊಡ್ತಿದ್ರಂತೆ. ಗಿಳಿ ಕೊಕ್ಕು ಅವರ ಕೈಯಿಂದ ಬಿದ್ದು ತುದಿ ಮುಕ್ಕಾಗಿತ್ತು. ತಾತ ಬೈಲಿಲ್ಲ, ಅದನ್ನೇ ಕೂರಿಸಿದ್ರು. ನಾನು ಆ ಮುಕ್ಕನ್ನೂ ಬಿಡದೆ ಮಾಡಿದ್ದೆ."

"ಅವರೇನಂದ್ರು?"

"ಅರ್ಧ ಗಂಟೆ ಬೆರಳಾಡಿಸಿದ್ರಂತೆ. ಆಮೇಲೆ ಫೋನಲ್ಲಿ ಅಂದ್ರು, ನಮ್ಮ ಅಬ್ಬಾ ರೆಕ್ಕೆ ಮೇಲಿಂದ ಕೆಳಕ್ಕೆ ಉಜ್ಜೋರು, ನೀನು ಕೆಳಗಿಂದ ಮೇಲಕ್ಕೆ ಉಜ್ಜಿದೀಯ. ಇದು ನಿನ್ನ ಕೈ. ಸಾಯೋ ಮುದುಕಿಗೆ ಸುಳ್ಳು ಸಮಾಧಾನ ಹೇಳ್ಬೇಡ, ಸಹೀನೂ ನೀನೇ ಕಟ್ಟಿದ ಕತೆ ಅಂತ." ಅವರು ಪಂಚೆಯನ್ನು ಮಡಿಚಿದರು. "ಈಗ ನಾನು ಏನು ಹೇಳಿದ್ರೂ ನಂಬಲ್ಲ. ಡಾಕ್ಟರು ಈ ತಿಂಗಳು ದಾಟೋದು ಕಷ್ಟ ಅಂದಿದಾರೆ."

ಹರಿಣಿಯ ಕೈಯಲ್ಲಿ ವಾರಂಟ್ ಇರಲಿಲ್ಲ. ಮನೆ ಜಾಲಾಡುವಂತಿರಲಿಲ್ಲ. ಸಿದ್ರಾ ಚಹಾ ತಂದಿಟ್ಟಳು, ಹರಿಣಿ ಕುಡಿಯದೆ ಎದ್ದುಬಂದಳು. ಸಿದ್ರಾ ಕಾರಿನ ತನಕ ಬಂದು, ಅಪ್ಪ ಅದನ್ನು ತಿರುಗಿ ತಂದಿಡುತ್ತಾರೆ, ಖಂಡಿತ ತಂದಿಡುತ್ತಾರೆ ಎಂದಷ್ಟೇ ಹೇಳಿದಳು. ತಿರುಗಿ ತರಬೇಕಾದರೆ ಮೊದಲು ಮೈಸೂರಿಗೆ ಒಯ್ಯಬೇಕು. ಹರಿಣಿಗೆ ಅಲ್ಲೇ ಹೊಳೆಯಿತು.

ಭಾನುವಾರ ಅವಳು ವಿಮಾನ ಕಂಪನಿಗಳಿಗೆ ಫೋನ್ ಮಾಡುತ್ತ ಕೂತಳು. ನಾಲ್ಕನೆಯ ಕಂಪನಿಯಲ್ಲಿ ಬಾಬಾಜಾನ್ ಹೆಸರು ಸಿಕ್ಕಿತು. ಸೋಮವಾರ, ಅಕ್ಟೋಬರ್ 29, ಮಧ್ಯಾಹ್ನ ಮೂರು ಹತ್ತು, ಲಾಸ್ ಏಂಜಲೀಸಿನಿಂದ ಫ್ರಾಂಕ್‌ಫರ್ಟ್ ದಾಟಿ ಬೆಂಗಳೂರು. ವಾಪಸು ಟಿಕೆಟ್ ನವೆಂಬರ್ 12ಕ್ಕೆ. ಅವರೀಗ ಅಮೆರಿಕದ ಪ್ರಜೆ; ಭಾರತದ ವೀಸಾ ಕೈಸೇರಿದ್ದೇ ಹಿಂದಿನ ಶುಕ್ರವಾರ. ಇಲ್ಲದಿದ್ದರೆ ಅವರು ಆ ವಾರವೇ ಹೋಗಿಬಿಡುತ್ತಿದ್ದರು.

ಸೋಮವಾರ ಒಂಬತ್ತೂವರೆಗೆ ನ್ಯಾಯಾಧೀಶರು ವಾರಂಟಿಗೆ ಸಹಿ ಹಾಕಿದರು. ಆ ಕಾಗದವನ್ನು ಇಪ್ಪತ್ತನಾಲ್ಕು ಗಂಟೆ ತಡವಾಗಿ ಕೇಳಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಹರಿಣಿಗೆ ಬರದೆ ಇರಲಿಲ್ಲ. ಒಂದು ದಿನ ಕಣ್ಣು ಮುಚ್ಚಿಕೊಂಡರೆ ಸಾಕು, ಮುದುಕಿಯ ಬೆರಳು ಗಿಳಿಯನ್ನು ಮುಟ್ಟುತ್ತಿತ್ತು, ಹದಿನೈದು ದಿನಕ್ಕೆ ಹಲಗೆ ತನ್ನ ಜಾಗಕ್ಕೆ ಬಂದಿರುತ್ತಿತ್ತು. ಆದರೆ ಫ್ರಾಂಕ್‌ಫರ್ಟ್‌ನಲ್ಲೋ ಬೆಂಗಳೂರಿನಲ್ಲೋ ದಂತವೆಂದು ಹಿಡಿದರೆ ಗಿಳಿ ಯಾವುದೋ ಸರ್ಕಾರಿ ಗೋದಾಮು ಸೇರುತ್ತಿತ್ತು, ಮುದುಕರು ಪರದೇಶದ ಲಾಕಪ್ಪು ಸೇರುತ್ತಿದ್ದರು. ಹೀಗೆಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ನಿಜವೂ ಆಗಿತ್ತು.

ಹನ್ನೆರಡು ಐವತ್ತಕ್ಕೆ, ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಅಂತರರಾಷ್ಟ್ರೀಯ ಟರ್ಮಿನಲ್‌ನಲ್ಲಿ, ಅಲ್ಲಿನ ಇಬ್ಬರು ಪೊಲೀಸರೊಂದಿಗೆ ಹರಿಣಿ ಕೌಂಟರಿನ ಸಾಲಿನ ಬಳಿ ನಿಂತಳು. ಬಾಬಾಜಾನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ತಲೆಗೆ ಟೋಪಿ ಇಟ್ಟು, ಬಟ್ಟೆಯ ಚೀಲವೊಂದನ್ನು ಮಗುವನ್ನೆತ್ತಿದ ಹಾಗೆ ಎದೆಗೊತ್ತಿಕೊಂಡಿದ್ದರು. ಅವಳನ್ನು ನೋಡಿ ಓಡಲಿಲ್ಲ. ಸಾಲಿನಿಂದ ತಾವೇ ಈಚೆಗೆ ಬಂದರು.

"ಚೀಲದಲ್ಲಿ ಏನಿದೆ, ಅಂಕಲ್?"

"ಗೊತ್ತಲ್ಲಮ್ಮಾ ನಿಮಗೆ."

ರಾಬಿಯಾಳ ಹಸಿರು ಶಾಲಿನಲ್ಲಿ ಸುತ್ತಿತ್ತು. ಹರಿಣಿ ಅಲ್ಲೇ ಬೆಂಚಿನ ಮೇಲೆ ಬಿಚ್ಚಿ ನೋಡಿದಳು. ಗಿಳಿಯ ಕೊಕ್ಕಿನ ತುದಿ ಮುಕ್ಕಾಗಿತ್ತು. ತಿರುಗಿಸಿದರೆ ಹಿಂಬದಿಯಲ್ಲಿ ಮಾಸಿದ ಶಾಯಿ: ಎರಡೂ ಹಲಗೆಗಳು ತಲುಪಿದವು, 14 ನವೆಂಬರ್ 1921, ಹಾರ್‌ಗ್ರೀವ್. ಅವಳು ಅದನ್ನು ಎರಡು ಸಲ ಓದಿದಳು.

"ರಿಟರ್ನ್ ಟಿಕೆಟ್ ಇದೆ ನೋಡಿ," ಎಂದರು ಅವರು. "ಹದಿನೈದೇ ದಿನ. ನೀವು ಬೇಕಾದ್ರೆ ಜೊತೇಲಿ ಬನ್ನಿ."

"ಆಗಲ್ಲ ಅಂಕಲ್."

"ಒಂದೇ ಸಲ ಮುಟ್ಟಿಸ್ತೀನಿ. ಆಮೇಲೆ ಏನು ಬೇಕಾದ್ರೂ ಮಾಡಿ."

"ಆಗಲ್ಲ."

ಹಕ್ಕುಗಳನ್ನು ಇಂಗ್ಲಿಷಿನಲ್ಲಿ ಓದಿದಳು, ನಿಯಮ ಹಾಗಿತ್ತು. ಮತ್ತೆ ಕನ್ನಡದಲ್ಲೂ ಹೇಳಿದಳು, ಅದು ಯಾವ ನಿಯಮದಲ್ಲೂ ಇರಲಿಲ್ಲ. ಒಂದು ಗಂಟೆ ಐದು ನಿಮಿಷಕ್ಕೆ ದಸ್ತಗಿರಿ ಎಂದು ಬರೆದುಕೊಂಡಳು. ಕೋಳ ಹಾಕುವಾಗ ಅವರು ಎರಡೂ ಕೈ ಮುಂದೆ ಚಾಚಿ, "ನಮ್ಮ ತಾತನ್ನೂ ಇದೇ ಗಿಳಿಗೇ ಹಿಡಿದಿದ್ರು ಅಮ್ಮಾ," ಎಂದರು. ಅದರಲ್ಲಿ ದೂರು ಇರಲಿಲ್ಲ. ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕುತ್ತಿರುವವರ ದನಿಯಿತ್ತು.

ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ಅವರು ಒಂದೇ ಒಂದು ಸಲ ಬಾಯಿಬಿಟ್ಟರು. ಮೂರು ಹತ್ತಾಯಿತಾ ಎಂದು ಕೇಳಿದರು. ಆಗಿತ್ತು.

ಸಂಜೆ ಐದು ಹತ್ತಕ್ಕೆ ಠಾಣೆಯಲ್ಲಿ, ಹಲಗೆಯನ್ನು ಮುದ್ರೆ ಹಾಕಿ ಸಾಕ್ಷ್ಯದ ಕೋಣೆಗೆ ಕಳಿಸಿದ ಮೇಲೆ, ಅವರು ತಮಗಿದ್ದ ಫೋನ್ ಕರೆಯನ್ನು ಕೇಳಿದರು. ನಂಬರು ಬರೆದುಕೊಟ್ಟು, "ನೀವೇ ಮಾಡಿ. ನನ್ನ ಮಾತು ಫುಪ್ಪಿ ನಂಬಲ್ಲ. ಫ್ಲೈಟ್ ಕ್ಯಾನ್ಸಲ್ ಆಯ್ತು, ಬರೋದು ತಡ ಆಗುತ್ತೆ ಅನ್ನಿ. ಪೊಲೀಸ್ ಅನ್ನೋದು ಮಾತ್ರ ಬೇಡ," ಎಂದರು.

ಮೈಸೂರಿನಲ್ಲಿ ಆಗ ಬೆಳಿಗ್ಗೆ ಐದು ನಲವತ್ತು, ನಮಾಜು ಮುಗಿಯುವ ಹೊತ್ತು. ಫೋನೆತ್ತಿದವಳು ಮೊಮ್ಮಗಳ ಸಾಲಿನ ಮೆಹರೀನ್. ಅವಳು ಫೋನನ್ನು ಮುದುಕಿಯ ಕಿವಿಗೆ ಹಿಡಿದಳು. ಹರಿಣಿ ಫೋನು ಹಿಡಿದು ಕೋಣೆಯಾಚೆ ಕಾರಿಡಾರಿಗೆ ನಡೆದಳು.

"ಯಾರಮ್ಮಾ?" ದನಿ ಒಣ ಎಲೆಯಷ್ಟು ಹಗುರವಾಗಿತ್ತು.

ಫ್ಲೈಟಿನ ಮಾತು ನಾಲಗೆಯ ತುದಿಯಲ್ಲೇ ಇತ್ತು. ಇನ್ನೊಂದು ಸುಳ್ಳು ಸಮಾಧಾನವನ್ನು ಈಕೆಗೆ ಹೇಳಲು ಹರಿಣಿಗೆ ಬಾಯಿ ಬರಲಿಲ್ಲ.

"ನನ್ನ ಹೆಸರು ಹರಿಣಿ, ಅಜ್ಜಿ. ಅಮೆರಿಕದಿಂದ. ನಾನು ಪೊಲೀಸ್ ಆಫೀಸರ್."

ಹರಿಣಿ ಕಾರಿಡಾರಿನ ಗೋಡೆಗೆ ಒರಗಿದಳು.

"ನಿಮ್ಮ ತಂದೆ ಮಾಡಿದ ಗಿಳಿ ಹಲಗೆ ಇವತ್ತು ನನ್ನ ಕೈಯಲ್ಲಿತ್ತು. ಕೊಕ್ಕು ಮುಕ್ಕಾಗಿದೆ. ಹಿಂದೆ ಮೇಜರ್ ಸಹಿ ಇದೆ. ಎರಡೂ ಹಲಗೆ ತಲುಪಿದೆ ಅಂತ ಅವನ ಕೈಯಲ್ಲೇ ಬರೆದಿದೆ. ನಿಮ್ಮ ತಂದೆ ಒಪ್ಪಿಸಿದ್ರು. ಕದ್ದಿರಲಿಲ್ಲ. ನಾನು ಇದನ್ನ ಸರ್ಕಾರಿ ಕಾಗದದಲ್ಲಿ ಬರೆದಿದೀನಿ."

"ಪೊಲೀಸ್ನೋರು ಹೇಳ್ತಿದೀರಾ?"

"ಹೌದು ಅಜ್ಜಿ. ಪೊಲೀಸ್ನೋರೇ ಹೇಳ್ತಿರೋದು."

ಮುದುಕಿ ಉಸಿರೆಳೆದುಕೊಂಡದ್ದು ಕೇಳಿಸಿತು. ಅಬ್ಬಾ, ಎಂದು ಒಮ್ಮೆ ತಂದೆಯನ್ನು ಕರೆದಳು, ಫೋನಿಗಲ್ಲ. ಸೋದರಳಿಯ ಹೇಳಿದ್ದನ್ನು ನಂಬಲಿಲ್ಲ, ಅವನ ಕೈಕೆಲಸವನ್ನು ನಂಬಲಿಲ್ಲ. ಎಂಬತ್ತೈದು ವರ್ಷದ ಹಿಂದೆ ಕಳ್ಳ ಎಂದವರು ಪೊಲೀಸರು. ಅಲ್ಲ ಎನ್ನಬೇಕಾದವರೂ ಅವರೇ ಆಗಿದ್ದರು.

ಆಮೇಲೆ ಆಕೆ ಕೇಳಿದಳು: "ಹಲಗೆ ನಿಮ್ಮ ಕೈಗೆ ಹೆಂಗೆ ಬಂತಮ್ಮಾ?"

ಹರಿಣಿ ಬಾಯಿ ತೆರೆಯುವ ಮೊದಲೇ ಆಕೆ ಮತ್ತೆ ಕೇಳಿದಳು.

"ಬಾಬಾಜಾನ್ನ ಹಿಡ್ಕೊಂಡ್ರಾ?"

"ಅಜ್ಜಿ..."

"ಅಬ್ಬಾನ್ನ ಕರ್ಕೊಂಡು ಹೋದಾಗ ನಾನು ಬಾಗಿಲಲ್ಲೇ ಇದ್ದೆ. ಪೊಲೀಸ್ನೋರು ಸುಮ್ನೆ ಯಾರ ಮನೆಗೂ ಹೇಳಿಕಳಿಸಲ್ಲ. ಅವನಿಗೆ ಊಟ ಕೊಡಿ ತಾಯಿ. ಅವನ್ನ ಹೊಡೀಬೇಡಿ."

ಯಾರೂ ಹೊಡೆಯುವುದಿಲ್ಲ ಎಂದು ಹರಿಣಿ ಹೇಳುವಷ್ಟರಲ್ಲಿ ಫೋನು ಮೆಹರೀನಳ ಕೈಗೆ ಹೋಗಿತ್ತು.

ಒಳಗೆ ಬಂದಾಗ ಬಾಬಾಜಾನ್ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದರು.

"ಏನಂದ್ರು?"

"ನಂಬಿದ್ರು ಅಂಕಲ್. ನಿಮ್ಮ ತಾತ ಒಪ್ಪಿಸಿದ್ರು ಅನ್ನೋದನ್ನ ನಂಬಿದ್ರು."

"ಮುಟ್ಟದೇನೇ?"

"ಮುಟ್ಟದೇನೇ."

ಅವರು ಮುಖವನ್ನು ಅಂಗೈಗಳಲ್ಲಿ ಮುಚ್ಚಿಕೊಂಡರು. ಉಳಿದದ್ದನ್ನು ಹರಿಣಿ ಅವರಿಗೆ ಹೇಳಲಿಲ್ಲ, ಆ ದಿನವೂ ಇಲ್ಲ, ಮುಂದೆಂದೂ ಇಲ್ಲ. ಡೆಲ್ಗಾಡೊನಿಂದ ಊಟ ತರಿಸಿದಳು. ಅವರು ಅರ್ಧ ತಿಂದರು.

ಜಾಮೀನು ಮರುದಿನವೇ ಸಿಕ್ಕಿತು. ಪಾಸ್‌ಪೋರ್ಟು ಮಾತ್ರ ಕೋರ್ಟಿನಲ್ಲಿ ಉಳಿಯಿತು. ನವೆಂಬರ್ 6ರಂದು ಜೈತುನ್‌ಬಿ ತೀರಿಕೊಂಡರು. ಉದಯಶಂಕರ ದೂರನ್ನು ಹಿಂತೆಗೆದುಕೊಳ್ಳಲು ಮೂರು ಸಲ ಠಾಣೆಗೆ ಬಂದ. ಕೊನೆಯ ಸಲ ರೇಖಾಳೂ ಜೊತೆಗಿದ್ದಳು. ಪ್ರಕರಣ ಆಗಲೇ ಸರ್ಕಾರದ್ದಾಗಿತ್ತು. ಜನವರಿಯಲ್ಲಿ, ವಾಪಸು ಟಿಕೆಟ್ಟನ್ನು ನೋಡಿ, ನ್ಯಾಯಾಧೀಶರು ಸಣ್ಣ ಅಪರಾಧವೆಂದು ಪರಿಗಣಿಸಿ ಬಾಬಾಜಾನರನ್ನು ಬಿಟ್ಟರು. ಆದರೂ ಕಳವು ಎಂಬ ಪದ ದಾಖಲೆಯಲ್ಲಿ ಉಳಿಯಿತು.

ಅಂತಿಮ ವರದಿಯಲ್ಲಿ ಉದ್ದೇಶ ಎಂಬ ಕಾಲಂ ಒಂದೂವರೆ ಸಾಲಿನದ್ದು. ಹರಿಣಿ ಮೊದಲು ಒಂದು ಪುಟ ಬರೆದಳು. ಇಷ್ಟೆಲ್ಲ ಬೇಡ ಎಂದು ಮೇಲಧಿಕಾರಿ ಹಿಂದಕ್ಕೆ ಕಳಿಸಿದರು. ಕೊನೆಗೆ ಉಳಿದದ್ದು ಇಷ್ಟು: ಆರೋಪಿಯು ಸ್ವಂತ ಲಾಭಕ್ಕಾಗಿ ತೆಗೆದದ್ದಲ್ಲ, ವೃದ್ಧ ಸಂಬಂಧಿಯೊಬ್ಬರ ಕೈಗೆ ಒಮ್ಮೆ ಮುಟ್ಟಿಸಲೆಂದು ತೆಗೆದದ್ದು, ಮುಟ್ಟಿಸಲು ಸಾಧ್ಯವಾಗಲಿಲ್ಲ.